ತೇವಕ್ಕೆ ಮುನಿಯುವ ದ್ರವ

ಜುಲೈ ತಿಂಗಳ ಮಧ್ಯಾಹ್ನ. ಬೆಂಗಳೂರಿನಲ್ಲಿ ಬೆಳಗಿನಿಂದ ಜಿಟಿಜಿಟಿ ಮಳೆ. ರಸಾಯನಶಾಸ್ತ್ರ ವಿಭಾಗದ ಮೇಲ್ಮಹಡಿಯ ಮೊಗಸಾಲೆಯಲ್ಲಿ ಬಿಚ್ಚಿಟ್ಟ ಕೊಡೆಗಳ ಅಂಚಿನಿಂದ ನೀರು ತೊಟ್ಟಿಕ್ಕುತ್ತಿದೆ. ನೋಟಿಸ್ ಬೋರ್ಡಿನ ಕಾಗದಗಳು ತೇವ ಕುಡಿದು ಸುರುಟಿಕೊಂಡಿವೆ. ಪ್ರಯೋಗಾಲಯದ ಬಾಗಿಲು ತಳ್ಳಿ ಒಳಗೆ ಕಾಲಿಟ್ಟರೆ ಎಡಗೋಡೆಯ ಮೇಲೆ ಅಂಗೈಯಗಲದ ತೇವಾಂಶ ಮಾಪಕ: ಶೇಕಡಾ 82. ಅಲ್ಲಿಂದ ಆರು ಹೆಜ್ಜೆ ಆಚೆ ಗಾಜಿನ ಮುಖದ ದೊಡ್ಡ ಉಕ್ಕಿನ ಪೆಟ್ಟಿಗೆಯೊಂದಿದೆ. ಅದರ ಪುಟ್ಟ ಪರದೆಯ ಮೇಲೆ ಇನ್ನೊಂದು ಅಂಕಿ: 0.5 ಪಿಪಿಎಂ.

ಎರಡೂ ನೀರಿನದೇ ಲೆಕ್ಕ. ಇಂಥ ಮಳೆದಿನ ನಾವು ಉಸಿರಾಡುವ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ನೀರಿನ ಅಣುಗಳೇ ಇರುತ್ತವೆ. ಆ ಪೆಟ್ಟಿಗೆಯೊಳಗೆ ಹತ್ತು ಲಕ್ಷಕ್ಕೆ ಒಂದೂ ಇಲ್ಲ. ನಡುವೆ ಇರುವುದು ಒಂದು ಗಾಜಿನ ಹಲಗೆ, ಕೆಲವು ರಬ್ಬರ್ ಬಿಗಿಪಟ್ಟಿಗಳು ಮತ್ತು ಕಪ್ಪು ಬಣ್ಣದ ಒಂದು ಜೊತೆ ಬ್ಯೂಟೈಲ್ ರಬ್ಬರ್ ಕೈಗವಸು. ಒಳಗೆ ತುಂಬಿರುವುದು ಆರ್ಗಾನ್. ಅದರ ಒತ್ತಡ ಹೊರಗಿನದಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಎಲ್ಲಾದರೂ ಸಣ್ಣ ತೂತು ಬಿದ್ದರೂ ಆರ್ಗಾನ್ ಹೊರಗೆ ಹೋಗಬೇಕೇ ಹೊರತು ಮಳೆಗಾಲದ ಗಾಳಿ ಒಳಗೆ ನುಗ್ಗಬಾರದು. ಆ ಒತ್ತಡಕ್ಕೆ ಕೈಗವಸುಗಳು ಉಬ್ಬಿ, ಬೆರಳು ಬಿಚ್ಚಿ, ಗಾಜಿನಿಂದ ಹೊರಕ್ಕೆ ಚಾಚಿಕೊಂಡಿವೆ. ಲ್ಯಾಬಿನವರು ಇದನ್ನು ಗ್ಲವ್ ಬಾಕ್ಸ್ ಎನ್ನುತ್ತಾರೆ. ಇವತ್ತು ಅದರೊಳಗೆ ಒಂದು ಅಯಾನಿಕ ದ್ರವ ತಯಾರಾಗಬೇಕು.

ತಯಾರಿಸುವವನು ಸಂಶೋಧನೆಗೆ ಹೊಸದಾಗಿ ಸೇರಿದ ಹುಡುಗ. ಪಕ್ಕದಲ್ಲಿ ನಿಂತಿರುವವಳು ನಾಲ್ಕನೆಯ ವರ್ಷದ ಹಿರಿಯ ವಿದ್ಯಾರ್ಥಿನಿ. ಅವನು ಅವಳನ್ನು ಅಕ್ಕ ಎನ್ನುತ್ತಾನೆ. ಕೆಲಸ ಶುರುವಾಗುವ ಮೊದಲೇ ಒಂದು ತಡೆ. ಹುಡುಗ ಚಪ್ಪಲಿಯಲ್ಲಿ ಬಂದಿದ್ದಾನೆ.

"ಶೂ ಪೂರ್ತಿ ನೆಂದುಹೋಗಿತ್ತು ಅಕ್ಕ, ಅದಕ್ಕೇ..."

"ಬೀರುವಿನಲ್ಲಿ ಒಂದು ಜೊತೆ ಇಟ್ಟಿದೀವಲ್ಲ, ಹಾಕ್ಕೊಂಡು ಬಾ. ಆಮೇಲೆ ಮಾತು."

ಅವನು ಹೋಗಿ ಬರುವಷ್ಟರಲ್ಲಿ ಅವಳು ಬಳೆ, ಉಂಗುರ, ವಾಚು ಬಿಚ್ಚಿ ಒಂದು ಗಾಜಿನ ತಟ್ಟೆಯಲ್ಲಿ ಇಡುತ್ತಾಳೆ. ಉಂಗುರದ ಹರಳಿನ ಒಂದು ಗೀರು ಸಾಕು, ಕಪ್ಪು ರಬ್ಬರಿನಲ್ಲಿ ಕಣ್ಣಿಗೆ ಕಾಣದ ತೂತು ಬೀಳಲು. ಕೂದಲು ಹಿಂದಕ್ಕೆ ಕಟ್ಟಿದ್ದಾಳೆ. ಮೈಮೇಲೆ ಹತ್ತಿಯ ಕೋಟು. ಸಿಂಥೆಟಿಕ್ ಬಟ್ಟೆಗೆ ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಕಣ್ಣಿಗೆ ಎರಡೂ ಬದಿ ಮುಚ್ಚುವ ಗಾಗಲ್ಸ್. ಓದುವ ಕನ್ನಡಕ ಇದ್ದರೂ ಅದರ ಮೇಲೇ ಇದನ್ನು ಹಾಕಬೇಕು, ಕನ್ನಡಕವೇ ರಕ್ಷಣೆ ಎಂದುಕೊಳ್ಳಬಾರದು.

ಅಯಾನಿಕ ದ್ರವ ಎಂದರೆ ಉಪ್ಪು. ದ್ರವದಲ್ಲಿ ಕರಗಿದ ಉಪ್ಪಲ್ಲ, ತಾನೇ ದ್ರವವಾಗಿರುವ ಉಪ್ಪು. ಅಡುಗೆಮನೆಯ ಉಪ್ಪು ಕರಗಬೇಕಾದರೆ 801 ಡಿಗ್ರಿ ಸೆಲ್ಸಿಯಸ್ ಬೇಕು. ಅದರ ಧನ ಅಯಾನು, ಋಣ ಅಯಾನು ಎರಡೂ ಚಿಕ್ಕವು, ದುಂಡಗಿನವು, ಒಂದನ್ನೊಂದು ಬಿಗಿಯಾಗಿ ಹಿಡಿದು ಹರಳಾಗಿ ಕೂತಿರುತ್ತವೆ. ಧನ ಅಯಾನಿನ ಜಾಗದಲ್ಲಿ ದೊಡ್ಡದಾದ, ಓರೆಕೋರೆಯಾದ ಸಾವಯವ ಅಯಾನನ್ನು ಇಟ್ಟರೆ ಅವು ಸಾಲಾಗಿ ಕೂರಲಾರವು, ಹರಳು ಕಟ್ಟಲಾರವು. ಹೀಗೆ 100 ಡಿಗ್ರಿಗಿಂತ ಕೆಳಗೇ ದ್ರವವಾಗಿಬಿಡುವ ಉಪ್ಪುಗಳಿಗೆ ಈ ಹೆಸರು. 1914ರಲ್ಲಿ ಪಾಲ್ ವಾಲ್ಡನ್ ಎಂಬ ವಿಜ್ಞಾನಿ 12 ಡಿಗ್ರಿಯಲ್ಲೇ ಕರಗುವ ಈಥೈಲ್ ಅಮೋನಿಯಂ ನೈಟ್ರೇಟನ್ನು ವರ್ಣಿಸಿದ. ಬಹಳ ಕಾಲ ಅದರತ್ತ ಯಾರೂ ಹೆಚ್ಚು ಗಮನ ಕೊಡಲಿಲ್ಲ. ಇವತ್ತು ಎಷ್ಟೋ ರಸಾಯನ ಪ್ರಯೋಗಾಲಯಗಳ ಕಪಾಟಿನಲ್ಲಿ ಇವುಗಳ ಬಾಟಲಿ ಇರುತ್ತದೆ.

ಹುಡುಗ ಶೂ ಹಾಕಿಕೊಂಡು ಬಂದ. ಇಬ್ಬರೂ ಸಾಮಾನು ಒಳಗೆ ಕಳಿಸುವ ಕೆಲಸಕ್ಕೆ ಕೂತರು. ಪೆಟ್ಟಿಗೆಯ ಬಲಕ್ಕೆ ಎರಡು ಬಾಗಿಲಿನ ಕೊಳವೆಯಂಥ ಕೋಣೆ ಇದೆ. ಹೊರಬಾಗಿಲು ತೆರೆದು ಸಾಮಾನು ಇಟ್ಟು ಮುಚ್ಚಿ, ಗಾಳಿ ಹೀರಿ ತೆಗೆದು ಆರ್ಗಾನ್ ತುಂಬಬೇಕು. ಮತ್ತೆ ಹೀರಬೇಕು, ಮತ್ತೆ ತುಂಬಬೇಕು. ಮೂರು ಸುತ್ತು ಆಗದೆ ಒಳಬಾಗಿಲಿಗೆ ಕೈ ಹಾಕುವಂತಿಲ್ಲ. ಖಾಲಿ ಗಾಜಿನ ವಯಲ್‌ಗಳ ಮುಚ್ಚಳ ತೆಗೆದೇ ಇಡಬೇಕು. ಮುಚ್ಚಿಟ್ಟರೆ ಒಳಗಿನ ಒದ್ದೆ ಗಾಳಿ ಅವುಗಳ ಜೊತೆಗೇ ಒಳಗೆ ಹೋಗುತ್ತದೆ, ನಿರ್ವಾತಕ್ಕೆ ವಯಲ್ ಒಡೆದರೂ ಒಡೆಯಬಹುದು. ಒರೆಸುವ ಟಿಶ್ಯೂ ಕಾಗದವನ್ನೂ ಅವಳು ಹಿಂದಿನ ರಾತ್ರಿಯೇ ವ್ಯಾಕ್ಯೂಮ್ ಅವನ್‌ನಲ್ಲಿ ಒಣಗಿಸಿಟ್ಟಿದ್ದಾಳೆ. ಕಾಗದ ಎಷ್ಟು ಒಣಗಿದಂತೆ ಕಂಡರೂ ಅದರ ನಾರಿನಲ್ಲಿ ನೀರು ಅಡಗಿರುತ್ತದೆ.

ಬೇಕಾದ ಪದಾರ್ಥ ಎರಡೇ. ಒಂದು, 1-ಈಥೈಲ್-3-ಮೀಥೈಲ್ ಇಮಿಡಜೋಲಿಯಂ ಕ್ಲೋರೈಡ್ ಎಂಬ ಬಿಳಿ ಪುಡಿ. ಗಾಳಿಗಿಟ್ಟರೆ ನೋಡುನೋಡುತ್ತಲೇ ನೀರು ಹೀರಿ ಅಂಟಂಟಾಗುವ ಪುಡಿ ಅದು, ನಿರ್ವಾತದಲ್ಲಿ ಬಿಸಿಮಾಡಿ ಒಣಗಿಸಿ ತಂದಿದ್ದಾರೆ. ಇನ್ನೊಂದು, ನೀರಿನಂಶವಿಲ್ಲದ ಅಲ್ಯೂಮಿನಿಯಂ ಕ್ಲೋರೈಡ್. ಇದು ಕಾರ್ಖಾನೆಯಿಂದಲೇ ಆರ್ಗಾನ್ ತುಂಬಿ ಬೆಸೆದ ಗಾಜಿನ ಕೊಳವೆಯಲ್ಲಿ ಬಂದಿದೆ. ಹಳೆಯ ಬಾಟಲಿ ಬಳಸಬಹುದಿತ್ತಲ್ಲ ಎಂದು ಹುಡುಗ ಕೇಳಿದ. ಅವಳು ತಲೆಯಾಡಿಸಿದಳು. ವರ್ಷಗಟ್ಟಲೆ ಕಪಾಟಿನಲ್ಲಿ ಕೂತ ಬಾಟಲಿಯೊಳಗೆ ಮುಚ್ಚಳದ ಸಂದಿನಿಂದ ತೇವ ನುಸುಳಿರುತ್ತದೆ. ಆ ತೇವ ಅಲ್ಯೂಮಿನಿಯಂ ಕ್ಲೋರೈಡ್ ಜೊತೆ ಸೇರಿ ಹೈಡ್ರೋಜನ್ ಕ್ಲೋರೈಡ್ ಅನಿಲವಾಗಿ ಒಳಗೇ ಒತ್ತಡ ಕಟ್ಟಿರುತ್ತದೆ. ತೆರೆದ ಕ್ಷಣ ಮುಚ್ಚಳ ಮುಖಕ್ಕೆ ಹಾರಿ, ಹಿಂದೆಯೇ ಆಮ್ಲದ ಹೊಗೆ. ಉಳಿತಾಯದ ಆಸೆಗೆ ಅಂಥ ಬಾಟಲಿ ತೆರೆಯುವುದನ್ನು ನಮ್ಮ ಕಾಲೇಜುಗಳು ಬಿಡಬೇಕು. ಬಾಟಲಿ ಬಂದ ದಿನವೇ ಅದರ ಮೇಲೆ ತಾರೀಖು ಬರೆಯುವುದು ಒಂದು ನಿಮಿಷದ ಕೆಲಸ.

ಈಗ ಹುಡುಗನ ತೋಳು ಮೊಣಕೈಯವರೆಗೆ ಕಪ್ಪು ಕೈಗವಸಿನಲ್ಲಿ ಮುಳುಗಿದೆ. ಒಳಗಿನಿಂದ ಆರ್ಗಾನ್ ಒತ್ತುವುದರಿಂದ ಕೈ ಬಿಗಿಯಾಗಿದೆ. ಬೆರಳು ಮಡಿಸಲೂ ಬಲ ಬೇಕು. ಆ ದಪ್ಪ ರಬ್ಬರಿನ ಮೇಲೆ ಇನ್ನೊಂದು ತೆಳು ನೈಟ್ರೈಲ್ ಕೈಗವಸು ಏರಿಸಿದ್ದಾನೆ; ಕೊಳೆಯಾದರೆ ಅದನ್ನಷ್ಟೇ ಕಿತ್ತೆಸೆಯಬಹುದು. ತಕ್ಕಡಿಯ ಮೇಲೆ ಬಿಳಿ ಪುಡಿ 10 ಗ್ರಾಂ. ಅದಕ್ಕೆ ಸೇರಬೇಕಾದ ಅಲ್ಯೂಮಿನಿಯಂ ಕ್ಲೋರೈಡ್ 11.8 ಗ್ರಾಂ, ಮೋಲ್ ಲೆಕ್ಕದಲ್ಲಿ ಒಂದಕ್ಕೆ 1.3.

ಮೊದಲ ಚಿಟಿಕೆ ಬಿತ್ತು. ಎರಡೂ ಒಣ ಪುಡಿಗಳು. ಒಂದನ್ನೊಂದು ಮುಟ್ಟಿದ ಜಾಗದಲ್ಲಿ ಪುಡಿ ಕಪ್ಪಗಾಗದೆ, ಹೊಗೆಯಾಡದೆ, ಸುಮ್ಮನೆ ಒದ್ದೆಯಾಗತೊಡಗಿತು. ಒಂದು ಹನಿ ನೀರೂ ಇಲ್ಲದ ಜಾಗದಲ್ಲಿ ಎರಡು ಘನಗಳು ಕೂಡಿ ದ್ರವವಾಗುವುದನ್ನು ಎಷ್ಟು ಸಲ ನೋಡಿದರೂ ನನಗೆ ಬೆರಗು. ಎರಡನೆಯ ಚಿಟಿಕೆಗೆ ವಯಲ್‌ನ ತಳದಲ್ಲಿ ಒಂದು ಕೊಳ ಕಟ್ಟಿತು. ಮ್ಯಾಗ್ನೆಟಿಕ್ ಸ್ಟಿರರ್‌ನ ಬಿಳಿ ಕಡ್ಡಿ ಅಲ್ಲಿವರೆಗೆ ತಡವರಿಸುತ್ತಿದ್ದದ್ದು ಸಲೀಸಾಗಿ ತಿರುಗತೊಡಗಿತು. ದ್ರವದಲ್ಲಿಟ್ಟ ಉಷ್ಣತಾಮಾಪಕದ ಅಂಕಿ ಸರಸರನೆ ಏರಿತು. ಈ ಎರಡು ಪದಾರ್ಥಗಳು ಸೇರುವಾಗ ತಾವೇ ಬಿಸಿಯಾಗುತ್ತವೆ, ಅದೂ ಸಣ್ಣ ಬಿಸಿಯಲ್ಲ. ಹುಡುಗ ಮೂರನೆಯ ಸಲಕ್ಕೆ ಚಮಚ ತುಂಬ ತೆಗೆದ.

"ತಡಿ. ಬಿಸಿ ಇಳೀಲಿ."

"ಇನ್ನೂ ಒಂಬತ್ತು ಗ್ರಾಂ ಇದೆ ಅಕ್ಕ, ಹೀಗೆ ಹಾಕಿದ್ರೆ ಸಂಜೆ ಆಗತ್ತೆ."

"ಆಗಲಿ. ಸಂಜೆವರೆಗೂ ನಾನೂ ಇಲ್ಲೇ ಇರ್ತೀನಿ."

ಒಮ್ಮೆಗೇ ಸುರಿದರೆ ಆಗುವುದು ಇಷ್ಟು: ಕಾವು ನೂರು ಡಿಗ್ರಿ ದಾಟಿ ಜಿಗಿಯುತ್ತದೆ, ದ್ರವ ಸಿಡಿಯುತ್ತದೆ, ಸಾವಯವ ಅಯಾನು ಒಡೆದು ಕಂದು ಬಣ್ಣಕ್ಕೆ ತಿರುಗುತ್ತದೆ. ಸರಿಯಾಗಿ ಮಾಡಿದ ದ್ರವ ಬಣ್ಣವಿಲ್ಲದ್ದು, ಹೆಚ್ಚೆಂದರೆ ತೆಳು ಹಳದಿ. ಕಂದು ಬಂದರೆ ಅವಸರ ಮಾಡಿದ್ದಾರೆ ಅಥವಾ ಪದಾರ್ಥ ಶುದ್ಧವಿರಲಿಲ್ಲ ಎಂದು ಅನುಭವಿಗಳು ದೂರದಿಂದಲೇ ಹೇಳುತ್ತಾರೆ. ಇಲ್ಲಿ ಸುರಕ್ಷತೆಯ ದಾರಿಯೂ ಒಳ್ಳೆಯ ರಸಾಯನದ ದಾರಿಯೂ ಒಂದೇ. ತಾಳ್ಮೆ ಇರುವವರಿಗೆ ಅಪಾಯ ಕಡಿಮೆ, ಅವರ ದ್ರವವೂ ತಿಳಿ.

ಈ ದ್ರವಕ್ಕೆ ಹುಟ್ಟೂರು ಎನ್ನಬಹುದಾದ ಜಾಗ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿರುವ ವಾಯುಪಡೆಯ ಅಕಾಡೆಮಿ. ಅಲ್ಲಿ ಜಾನ್ ವಿಲ್ಕ್ಸ್ ಮತ್ತು ಸಂಗಡಿಗರು ಬ್ಯಾಟರಿಗಾಗಿ ಕಡಿಮೆ ಉಷ್ಣತೆಯಲ್ಲಿ ಕರಗಿರುವ ಲವಣ ಹುಡುಕುತ್ತ 1982ರಲ್ಲಿ ಇದೇ ಜೋಡಿಯನ್ನು ಪ್ರಕಟಿಸಿದರು. ಅದರ ದೊಡ್ಡ ದೋಷ ನೀರಿನ ಮೇಲಿನ ಮುನಿಸು. ಅದನ್ನು ನೀಗಲು ವಿಲ್ಕ್ಸ್ ಮತ್ತು ಮೈಕೆಲ್ ಜವೊರೊಟ್ಕೊ 1992ರಲ್ಲಿ ಗಾಳಿಗೂ ನೀರಿಗೂ ಜಗ್ಗದ ಹೊಸ ಅಯಾನಿಕ ದ್ರವಗಳನ್ನು ತಂದರು. ಜಗ್ಗದ ಎಂದಾಗ ನಂಬಿದವರು ಬಹಳ ಮಂದಿ. ಆ ಮಾತಿಗೆ ಮುಂದೆ ಬರುತ್ತೇನೆ.

ಹಳೆಯ ಜೋಡಿಗೆ 2015ರಲ್ಲಿ ಮತ್ತೆ ಬೆಲೆ ಬಂತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹೊಂಗ್‌ಜಿಯೆ ದಾಯ್ ತಂಡ ಇದೇ ದ್ರವವನ್ನು ಬಳಸಿ, ಅಲ್ಯೂಮಿನಿಯಂ ಮತ್ತು ಗ್ರಾಫೈಟ್ ನಡುವೆ ಓಡುವ, ಒಂದು ನಿಮಿಷದಲ್ಲಿ ಚಾರ್ಜ್ ಆಗುವ ಬ್ಯಾಟರಿಯನ್ನು ತೋರಿಸಿತು. ಲಿಥಿಯಂ ಇಲ್ಲದ ಬ್ಯಾಟರಿಯ ಕನಸು ನಮ್ಮ ಈ ಹುಡುಗನದ್ದೂ ಹೌದು. ಅದಕ್ಕೇ ಈ 1.3ರ ಲೆಕ್ಕ. ಅಲ್ಯೂಮಿನಿಯಂ ಕ್ಲೋರೈಡ್ ತುಸು ಹೆಚ್ಚಿದ್ದಾಗಲೇ ಬ್ಯಾಟರಿಗೆ ಬೇಕಾದ ಅಯಾನು ಹುಟ್ಟುತ್ತದೆ. ಅದೇ ಹೆಚ್ಚುವರಿ ಭಾಗ ದ್ರವವನ್ನು ಕಟು ಆಮ್ಲೀಯವಾಗಿಸಿ ಉಕ್ಕನ್ನೂ ತಿನ್ನುವಂತೆ ಮಾಡುತ್ತದೆ. ಸಾಮಾನ್ಯ ಗುಂಡಿ ಬ್ಯಾಟರಿಯ ಸ್ಟೀಲ್ ಕವಚ ಇದರ ಮುಂದೆ ನಿಲ್ಲದು. ಆದ್ದರಿಂದ ಈ ಮೇಜಿನ ಸುತ್ತ ಕಾಣುವುದೆಲ್ಲ ಟೆಫ್ಲಾನ್, ಗಾಜು, ಮಾಲಿಬ್ಡಿನಂ ಹಾಳೆ.

ಗ್ಲವ್ ಬಾಕ್ಸಿನಿಂದ ಹೊರಬಂದ ಮೇಲೆ ಈ ದ್ರವ ಏನು ಮಾಡುತ್ತದೆ ಎಂಬುದನ್ನು ಹೊಸಬರಿಗೆ ಒಮ್ಮೆ ತೋರಿಸುವ ಪದ್ಧತಿ ಈ ಲ್ಯಾಬಿನಲ್ಲಿದೆ. ಹೊಗೆಯನ್ನು ಹೊರಗೆ ಸೆಳೆಯುವ ಫ್ಯೂಮ್ ಹುಡ್‌ನ ಗಾಜಿನ ಪರದೆ ಎದೆಮಟ್ಟಕ್ಕೆ ಇಳಿಸಿ, ಒಳಗೆ ಒಂದು ಗಾಜಿನ ತಟ್ಟೆಯಲ್ಲಿ ಒಂದೇ ಹನಿ ಇಟ್ಟರು. ಎರಡು ಉಸಿರಿನ ಹೊತ್ತು ಏನೂ ಇಲ್ಲ. ಆಮೇಲೆ ಹನಿಯ ಅಂಚಿನಿಂದ ಬಿಳಿ ಹೊಗೆಯ ಎಳೆಯೊಂದು ಎದ್ದು, ಬಳುಕಿ, ಫ್ಯಾನ್ ಸೆಳೆದತ್ತ ಓಡಿತು. ಅದು ಗಾಳಿಯ ತೇವದೊಂದಿಗೆ ಸೇರಿ ಹುಟ್ಟಿದ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ. ಹನಿಯ ಮೇಲೆ ಬಿಳಿ ಕೆನೆ ಕಟ್ಟಿತು. ಹೊರಗೆ ಮಳೆ ಜೋರಾದಷ್ಟೂ ಹೊಗೆ ದಟ್ಟ ಎಂದು ಅವಳು ಹೇಳಿದಳು. ಬೇಸಿಗೆಯಲ್ಲಿ ಇದೇ ಹನಿ ಇಷ್ಟು ಬೇಗ ಮುನಿಯುವುದಿಲ್ಲವಂತೆ.

"ಇದು ಕೆಳಗೆ ಚೆಲ್ಲಿದ್ರೆ ಏನ್ ಮಾಡ್ತೀಯ?" ಎಂದು ಅವಳು ಕೇಳಿದಳು. ಹುಡುಗನ ಕಣ್ಣು ತಾನಾಗಿ ಸಿಂಕಿನ ಬಳಿ ತೂಗುಹಾಕಿದ ಒರೆಸುವ ಬಟ್ಟೆಯತ್ತ ಹೋಯಿತು. ಯಾರ ಕಣ್ಣಾದರೂ ಹೋಗುತ್ತದೆ. ನೆಲದ ಮೇಲೆ ಏನಾದರೂ ಚೆಲ್ಲಿದರೆ ಒದ್ದೆ ಬಟ್ಟೆ ತರುವುದು ನಮ್ಮ ಮನೆಗಳಲ್ಲಿ ಮಾತು ಬರುವ ಮೊದಲೇ ಕಲಿಯುವ ಪಾಠ. ಈ ದ್ರವಕ್ಕೆ ಆ ಪಾಠವೇ ಶತ್ರು. ಒದ್ದೆ ಬಟ್ಟೆ ತಾಗಿದ ಕೂಡಲೇ ಕುದಿತ, ಸಿಡಿತ, ಮುಖದ ಮಟ್ಟದಲ್ಲಿ ಆಮ್ಲದ ಮೋಡ. ಬೇಕಾದದ್ದು ಒಣ ಮರಳು. ಬಾಗಿಲ ಬಳಿ ಕೆಂಪು ಬಕೆಟ್ಟಿನಲ್ಲಿ ಅದು ಇದೆ, ಮೇಲೆ ಮುಚ್ಚಳವೂ ಇದೆ. ಮಳೆಗಾಲದಲ್ಲಿ ಮುಚ್ಚಳವಿಲ್ಲದ ಮರಳು ಒಣ ಮರಳಲ್ಲ. ಮೊದಲು ಅಕ್ಕಪಕ್ಕದವರನ್ನು ಕೂಗಿ ದೂರ ಕಳಿಸಬೇಕು, ಆಮೇಲೆ ಮರಳು ಸುರಿದು ಪ್ಲಾಸ್ಟಿಕ್ ಸಲಿಕೆಯಿಂದ ಬಳಿದು ಹುಡ್‌ನೊಳಗಿಡಬೇಕು. ಹೆಚ್ಚು ಚೆಲ್ಲಿದ್ದರೆ ಬಳಿಯುವ ಸಾಹಸವೂ ಬೇಡ, ಕೋಣೆ ಖಾಲಿ ಮಾಡಬೇಕು. ಒಣ ಪುಡಿ ಮೈಮೇಲೆ ಬಿದ್ದರೆ ಮೊದಲು ಒಣಗಿದ್ದಂತೆಯೇ ಕೊಡವಿ, ಬಟ್ಟೆ ಬಿಚ್ಚಿ, ನಂತರ ಧಾರಾಳ ನೀರು. ದ್ರವ ಕಣ್ಣಿಗೆ ಸಿಡಿದರೆ ಮಾತ್ರ ಯೋಚನೆಗೆ ಸಮಯವಿಲ್ಲ. ಸೀದಾ ಐ-ವಾಷ್ ಬಳಿ, ರೆಪ್ಪೆ ಬಿಡಿಸಿ ಹಿಡಿದು ಹದಿನೈದು ನಿಮಿಷ ನೀರು. ಅಲ್ಲಿಗೆ ಹೋಗುವ ದಾರಿಯಲ್ಲಿ ರಟ್ಟಿನ ಪೆಟ್ಟಿಗೆ, ಕುರ್ಚಿ, ಸೈಕಲ್ ಹೆಲ್ಮೆಟ್ ಇರಕೂಡದು. ಈ ಲ್ಯಾಬಿನಲ್ಲಿ ಆ ದಾರಿಗೆ ಹಳದಿ ಪಟ್ಟಿ ಬಳಿದಿದ್ದಾರೆ. ಕಣ್ಣು ಮುಚ್ಚಿಕೊಂಡು ಹತ್ತು ಸೆಕೆಂಡಿನಲ್ಲಿ ಅಲ್ಲಿಗೆ ತಲುಪುವ ಅಭ್ಯಾಸವನ್ನು ಎಲ್ಲರಿಂದಲೂ ಮಾಡಿಸುತ್ತಾರೆ.

ಇಷ್ಟು ಅಬ್ಬರದ ದ್ರವವನ್ನು ಕಂಡೂ ನನಗೆ ಹೆಚ್ಚು ಅಳುಕು ಹುಟ್ಟಿಸಿದ್ದು ಅದಲ್ಲ. ಅದು ಹೊಗೆಯಾಡುತ್ತದೆ, ಮೂಗಿಗೆ ರಾಚುತ್ತದೆ, ತಾನು ಏನೆಂದು ಹೇಳಿಬಿಡುತ್ತದೆ. ಅದೇ ಕೋಣೆಯ ಇನ್ನೊಂದು ಹುಡ್‌ನಲ್ಲಿ ಬಿಳಿ ಪ್ಲಾಸ್ಟಿಕ್ ಬಾಟಲಿಯೊಂದಿದೆ. ಅದರೊಳಗಿನದು ಬ್ಯೂಟೈಲ್ ಮೀಥೈಲ್ ಇಮಿಡಜೋಲಿಯಂ ಹೆಕ್ಸಾಫ್ಲೋರೋಫಾಸ್ಫೇಟ್. ಬಗ್ಗಿಸಿದರೆ ಹರಳೆಣ್ಣೆಯ ಹಾಗೆ ನಿಧಾನಕ್ಕೆ ಹರಿಯುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಹೊಗೆಯಿಲ್ಲ. ನೀರಿಗೆ ಹಾಕಿದರೂ ಬೆರೆಯದೆ ತಳದಲ್ಲಿ ತಣ್ಣಗೆ ಕೂರುತ್ತದೆ. ನೀರಿಗೆ ಜಗ್ಗದ ದ್ರವಗಳೆಂದು ಹೆಸರು ಪಡೆದ ಪೀಳಿಗೆ ಇದು. ಆವಿಯಾಗಿ ಗಾಳಿ ಸೇರುವುದಿಲ್ಲ, ಬೆಂಜೀನ್, ಈಥರ್‌ಗಳ ಹಾಗೆ ಉಸಿರಿಗೆ ಬರುವುದಿಲ್ಲ ಎಂಬ ಕಾರಣಕ್ಕೆ ತೊಂಬತ್ತರ ದಶಕದ ಕೊನೆಯಲ್ಲಿ ಇವಕ್ಕೆಲ್ಲ ಹಸಿರು ದ್ರಾವಕ ಎಂಬ ಬಿರುದು ಸಿಕ್ಕಿತು.

2003ರಲ್ಲಿ ಅಲಬಾಮಾ ವಿಶ್ವವಿದ್ಯಾಲಯದ ರಾಬಿನ್ ರೋಜರ್ಸ್ ತಂಡ ಆ ಬಿರುದಿಗೆ ತಡೆ ಹಾಕಿತು. ಇದೇ ದ್ರವವನ್ನು ಬಳಸಿ, ಶುದ್ಧಮಾಡಿ, ಒಣಗಿಸುವ ಹಾದಿಯಲ್ಲಿ ಅದರ ಹೆಕ್ಸಾಫ್ಲೋರೋಫಾಸ್ಫೇಟ್ ಭಾಗ ನೀರಿನೊಡನೆ ಒಡೆದು ಫ್ಲೋರೈಡ್ ಆಗಿರುವುದನ್ನು ಅವರು ಹರಳಿನ ರೂಪದಲ್ಲೇ ಹಿಡಿದು ತೋರಿಸಿದರು. ಒಡೆಯುವಾಗ ಹುಟ್ಟುವುದು ಹೈಡ್ರೋಜನ್ ಫ್ಲೋರೈಡ್. ನೀರಿನಲ್ಲಿ ಅದು ಹೈಡ್ರೋಫ್ಲೋರಿಕ್ ಆಮ್ಲ. ಈ ಒಡಕು ತಕ್ಷಣ ಆಗುವುದಲ್ಲ. ಸ್ವಲ್ಪ ತೇವ, ಸ್ವಲ್ಪ ಕಾವು, ಒಂದಿಷ್ಟು ಆಮ್ಲದ ಅಂಶ, ಒಂದಷ್ಟು ವಾರ. ಗಾಜಿನ ಫ್ಲಾಸ್ಕಿನಲ್ಲಿಟ್ಟವರು ಒಂದು ದಿನ ಗಾಜಿನ ಒಳಮೈ ಮಸುಕಾಗಿರುವುದನ್ನು ಕಂಡು ಬೆಚ್ಚುತ್ತಾರೆ. ಆಮ್ಲ ಗಾಜನ್ನು ತಿಂದಿರುತ್ತದೆ. ಈ ಲ್ಯಾಬಿನಲ್ಲಿ ಅಂಥದ್ದೊಂದು ಖಾಲಿ ಫ್ಲಾಸ್ಕನ್ನು ತೊಳೆದು ಕಪಾಟಿನಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟಿದ್ದಾರೆ. ಕೈಗೆತ್ತಿಕೊಂಡು ಬೆಳಕಿಗೆ ಹಿಡಿದರೆ ಕುತ್ತಿಗೆಯ ಭಾಗ ತಿಳಿಯಾಗಿದೆ, ಹೊಟ್ಟೆಯ ಸುತ್ತ ಮಂಜು ಕವಿದಂತೆ ಒರಟು. ಉಗುರಿನಿಂದ ಕೆರೆದರೆ ಹೋಗುವ ಮಂಜಲ್ಲ.

ಹೈಡ್ರೋಫ್ಲೋರಿಕ್ ಆಮ್ಲದ ಬಗ್ಗೆ ಓದಿದವರಿಗೂ ಅದರ ನಿಜವಾದ ಗುಣ ಮನಸ್ಸಿಗೆ ಇಳಿದಿರುವುದಿಲ್ಲ. ಉಳಿದ ಆಮ್ಲಗಳು ಚರ್ಮ ಸುಟ್ಟು, ಉರಿ ಎಬ್ಬಿಸಿ, ಅಲ್ಲೇ ನಿಲ್ಲುತ್ತವೆ. ಇದು ದುರ್ಬಲ ಆಮ್ಲ. ಚರ್ಮದ ಮೇಲೆ ನಿಲ್ಲದೆ ಒಳಗಿಳಿಯುತ್ತದೆ. ಅಂಗಾಂಶದಲ್ಲಿ ಫ್ಲೋರೈಡ್ ಬಿಡಿಸಿಕೊಂಡು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕಟ್ಟಿಹಾಕುತ್ತದೆ. ರಕ್ತದ ಕ್ಯಾಲ್ಸಿಯಂ ಕುಸಿದರೆ ಹೃದಯದ ಬಡಿತ ತಪ್ಪುತ್ತದೆ. ಸಾಂದ್ರತೆ ಶೇಕಡಾ 20ಕ್ಕಿಂತ ಕಡಿಮೆ ಇದ್ದರೆ ನೋವು ಕಾಣಿಸಿಕೊಳ್ಳಲು ಇಪ್ಪತ್ತನಾಲ್ಕು ಗಂಟೆಯಾದರೂ ಆಗಬಹುದು. ಅಷ್ಟರಲ್ಲಿ ಹುಡುಗನೋ ಹುಡುಗಿಯೋ ಹಾಸ್ಟೆಲಿಗೆ ಹೋಗಿ, ಊಟ ಮಾಡಿ, ಮಲಗಿರುತ್ತಾರೆ.

ಇದಕ್ಕೆ ಮೊದಲ ಮದ್ದು ಒಂದು ಟ್ಯೂಬು. ಶೇಕಡಾ 2.5ರ ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್. ಹುಡ್‌ನ ಪಕ್ಕದ ಗೋಡೆಗೆ ತಿರುಪು ಹಾಕಿ ಕೂರಿಸಿದ ಪಾರದರ್ಶಕ ಡಬ್ಬಿಯಲ್ಲಿ ಎರಡು ಟ್ಯೂಬು, ಒಂದು ಜೊತೆ ಕೈಗವಸು, ಮಡಿಸಿದ ಒಂದು ಹಾಳೆ. ಡಬ್ಬಿಗೆ ಬೀಗವಿಲ್ಲ. ಟ್ಯೂಬಿನ ಅವಧಿ ಮುಗಿಯುವ ತಿಂಗಳನ್ನು ಕೆಂಪು ಮಾರ್ಕರಿನಲ್ಲಿ ದೊಡ್ಡದಾಗಿ ಬರೆದಿದ್ದಾರೆ. ಆಮ್ಲ ತಾಗಿದ ಅನುಮಾನ ಬಂದರೂ ಸಾಕು, ಬಟ್ಟೆ, ಕೈಗವಸು ಕಳಚಿ ಐದು ನಿಮಿಷ ಧಾರೆ ನೀರಿನಲ್ಲಿ ತೊಳೆದು, ಜೆಲ್ ಹಚ್ಚಿ ತಿಕ್ಕುತ್ತಲೇ ಆಸ್ಪತ್ರೆಗೆ ಹೊರಡಬೇಕು. ಹಚ್ಚುವವರೂ ಹೊಸ ಕೈಗವಸು ಹಾಕಿರಬೇಕು. ಜೆಲ್ ಇಲ್ಲದಿದ್ದರೆ ನೀರು ನಿಲ್ಲಿಸುವಂತಿಲ್ಲ. ಕಣ್ಣಿಗೆ ಈ ಜೆಲ್ ಹಚ್ಚಬಾರದು, ಅಲ್ಲಿಗೆ ನೀರು ಮತ್ತು ವೈದ್ಯರೇ. ಮಡಿಸಿದ ಆ ಹಾಳೆ ವೈದ್ಯರಿಗಾಗಿ. ತಾಗಿದ್ದು ಯಾವ ಪದಾರ್ಥ, ಅದರಿಂದ ಹುಟ್ಟುವ ಆಮ್ಲ ಯಾವುದು, ಬೇಕಾದ ಪ್ರತಿಮದ್ದು ಏನು ಎಂದು ಅದರಲ್ಲಿ ಬರೆದಿದೆ. ತುರ್ತು ಚಿಕಿತ್ಸಾ ವಿಭಾಗದಲ್ಲಿ ಅಯಾನಿಕ ದ್ರವ ಎಂದರೆ ಯಾರಿಗೂ ತಟ್ಟನೆ ಹೊಳೆಯದು. ಹೈಡ್ರೋಫ್ಲೋರಿಕ್ ಎಂಬ ಹೆಸರನ್ನು ನಾವೇ ಹೇಳಬೇಕು.

ಕೈಗವಸಿನ ವಿಷಯದಲ್ಲಿ ಅವಳು ಹುಡುಗನಿಗೆ ಕೇಳಿಸಿದ ಕಥೆ ರಸಾಯನ ಲೋಕದವರೆಲ್ಲ ತಿಳಿದಿರಬೇಕಾದ್ದು. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಪ್ರಾಧ್ಯಾಪಕಿ ಕರೆನ್ ವೆಟರ್‌ಹಾನ್ 1996ರ ಆಗಸ್ಟ್‌ನಲ್ಲಿ ಡೈಮೀಥೈಲ್ ಪಾದರಸದ ಕೆಲವೇ ಹನಿಗಳನ್ನು ಲೇಟೆಕ್ಸ್ ಕೈಗವಸಿನ ಮೇಲೆ ಬೀಳಿಸಿಕೊಂಡರು. ಹುಡ್‌ನಲ್ಲೇ ಕೆಲಸ ಮಾಡುತ್ತಿದ್ದರು, ನಿಯಮ ಮೀರಿರಲಿಲ್ಲ. ಆ ದ್ರವ ಲೇಟೆಕ್ಸನ್ನು ಸೆಕೆಂಡುಗಳಲ್ಲಿ ದಾಟುತ್ತದೆಂಬುದು ಆಮೇಲಿನ ಪರೀಕ್ಷೆಯಿಂದ ತಿಳಿಯಿತು. 1997ರ ಜೂನ್‌ನಲ್ಲಿ ಅವರು ತೀರಿಕೊಂಡರು. ಅದು ಬೇರೆ ಪದಾರ್ಥ, ಅಯಾನಿಕ ದ್ರವವಲ್ಲ. ಆದರೂ ಪಾಠ ಇಲ್ಲಿಗೂ ಸಲ್ಲುತ್ತದೆ: ಕೈಗವಸು ಎಂಬುದು ಒಂದೇ ವಸ್ತುವಲ್ಲ, ಪ್ರತಿ ದ್ರವಕ್ಕೂ ಯಾವುದು ಎಷ್ಟು ಹೊತ್ತು ತಡೆಯುತ್ತದೆ ಎಂದು ನೋಡಿಯೇ ತೊಡಬೇಕು. ತೆಳು ನೈಟ್ರೈಲ್ ಸಿಡಿತಕ್ಕೆ ಮಾತ್ರ. ಹನಿ ಬಿದ್ದ ಕೂಡಲೇ ಕಳಚಿ ಹೊಸದು ಹಾಕಬೇಕು. ಅದೇ ಕೈಯಲ್ಲಿ ಬಾಗಿಲ ಹಿಡಿ, ಮೊಬೈಲ್, ನೀರಿನ ಬಾಟಲಿ ಮುಟ್ಟಿದರೆ ಆವಿಯಾಗದ ದ್ರವ ಅಲ್ಲೆಲ್ಲ ಹಾಗೇ ಕೂತಿರುತ್ತದೆ. ಈಥರ್ ಚೆಲ್ಲಿದರೆ ಸ್ವಲ್ಪ ಹೊತ್ತಿಗೆ ಆರಿಹೋಗುತ್ತದೆ. ಇದು ಆರುವುದಿಲ್ಲ. ಇವತ್ತು ಬಾಗಿಲ ಹಿಡಿಗೆ ಅಂಟಿದ್ದು ಮುಂದಿನ ವಾರ ಚಹಾ ತರುವ ಅಣ್ಣನ ಕೈಗೆ ಹತ್ತಬಹುದು.

ಅಯಾನಿಕ ದ್ರವಗಳು ಉರಿಯುವುದಿಲ್ಲ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಬಿಸಿ ಏರಿಸಿ ಒಡೆಯಿಸಿದರೆ ಹಲವು ಅಯಾನಿಕ ದ್ರವಗಳು ಹೊತ್ತಿಕೊಳ್ಳುತ್ತವೆ ಎಂದು 2006ರಲ್ಲಿ ಪ್ರಯೋಗಗಳು ತೋರಿಸಿದವು. ಕೆಲವನ್ನು ನಿರ್ವಾತದಲ್ಲಿ ಬಟ್ಟಿ ಇಳಿಸಬಹುದೆಂದೂ ಅದೇ ವರ್ಷ ಗೊತ್ತಾಯಿತು. ಇಮಿಡಜೋಲಿಯಂಗೆ ಅಂಟಿದ ಇಂಗಾಲದ ಬಾಲ ಉದ್ದವಾದಷ್ಟೂ ಜೀವಕೋಶಗಳಿಗೆ ವಿಷ ಹೆಚ್ಚು. ನೀರಿನ ಚಿಗಟಗಳ ಮೇಲೆ ನಡೆದ ಪರೀಕ್ಷೆಗಳಿಂದ ಇದು ಸ್ಪಷ್ಟ. 2018ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್ ವಿಶ್ವವಿದ್ಯಾಲಯದವರು ಕಸ ಸುರಿಯುವ ಜಾಗವೊಂದರ ಬಳಿಯ ಮಣ್ಣಿನಲ್ಲಿ ಎಂಟು ಇಂಗಾಲದ ಬಾಲವಿರುವ ಇಂಥದೇ ಒಂದು ಅಯಾನನ್ನು ಪತ್ತೆ ಮಾಡಿದರು. ಅದು ಯಕೃತ್ತಿನ ಕೋಶಗಳಿಗೆ ಹಾನಿ ಮಾಡುವುದನ್ನು ಪ್ರಯೋಗಾಲಯದಲ್ಲಿ ಕಂಡು, ಪಿತ್ತನಾಳಗಳ ಒಂದು ರೋಗಕ್ಕೆ ಅದು ಪ್ರಚೋದನೆಯಾಗಬಹುದೇ ಎಂಬ ಪ್ರಶ್ನೆ ಎತ್ತಿದರು. ಮಾರುವ ಬಾಟಲಿಗಳ ಸುರಕ್ಷತಾ ಹಾಳೆ ತೆಗೆದು ನೋಡಿದರೆ ಎಷ್ಟೋ ಕಡೆ ವಿಷಗುಣದ ಪೂರ್ಣ ಪರಿಶೀಲನೆ ಆಗಿಲ್ಲ ಎಂದೇ ಬರೆದಿರುತ್ತದೆ. ಆಗಿಲ್ಲ ಎಂಬುದನ್ನು ಇಲ್ಲ ಎಂದು ಓದಿಕೊಳ್ಳುವ ಚಾಳಿ ಅಪಾಯದ್ದು.

ಇಷ್ಟೆಲ್ಲ ಹೇಳಿ ಈ ದ್ರವಗಳನ್ನೇ ಬೇಡವೆನ್ನುವುದು ನನ್ನ ಉದ್ದೇಶವಲ್ಲ. ಪೆಟ್ರೋಲ್ ಸಂಸ್ಕರಣೆಯ ಒಂದು ಮುಖ್ಯ ಹಂತಕ್ಕೆ ದಶಕಗಳಿಂದ ಟನ್‌ಗಟ್ಟಲೆ ಹೈಡ್ರೋಫ್ಲೋರಿಕ್ ಆಮ್ಲವನ್ನೇ ಬಳಸುತ್ತ ಬಂದಿದ್ದಾರೆ. 2019ರ ಜೂನ್‌ನಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಸಂಸ್ಕರಣಾಗಾರದಲ್ಲಿ ಬೆಂಕಿ, ಸ್ಫೋಟವಾಗಿ ಆ ಆಮ್ಲ ಸೋರಿತು. 2021ರಲ್ಲಿ ಸಾಲ್ಟ್ ಲೇಕ್ ಸಿಟಿಯ ಶೆವ್ರಾನ್ ಸಂಸ್ಕರಣಾಗಾರ ಅದೇ ಹಂತಕ್ಕೆ ಆ ಆಮ್ಲವನ್ನು ಬಿಟ್ಟು ಅಯಾನಿಕ ದ್ರವಕ್ಕೆ ಬದಲಾಯಿತು. ಬಳಸುವುದು ನಮ್ಮ ಹುಡುಗನ ವಯಲ್‌ನಲ್ಲಿರುವ ಕುಲದ್ದೇ, ಕ್ಲೋರೋಅಲ್ಯೂಮಿನೇಟ್. ಮೋಡವಾಗಿ ಊರ ಮೇಲೆ ಹರಡುವ ಆಮ್ಲಕ್ಕಿಂತ, ಚೆಲ್ಲಿದಲ್ಲೇ ನಿಲ್ಲುವ ದ್ರವ ನೂರು ಪಾಲು ಮೇಲು.

ಸಂಜೆ ಐದೂವರೆ. ಕೊನೆಯ ಚಿಟಿಕೆ ಸೇರಿತು. ವಯಲ್‌ನಲ್ಲಿ ತೆಳು ಹಳದಿಯ ತಿಳಿ ದ್ರವ. ಹುಡುಗ ಹೆಸರು, ಪ್ರಮಾಣ, ತಾರೀಖು ಬರೆದು ಮುಚ್ಚಳ ಬಿಗಿದ. ಇನ್ನು ಉಳಿದದ್ದು ಕಸದ ಕೆಲಸ. ಹೆಚ್ಚಿನವರು ಅವಸರ ಮಾಡುವುದು ಇಲ್ಲೇ. ಚಮಚ, ಪಿಪೆಟ್‌ಗೆ ಅಂಟಿದ ಅಂಶವನ್ನು ಹುಡ್‌ನೊಳಗೆ ಬೀಕರಿನ ತುಂಬ ಮಂಜುಗಡ್ಡೆ ಇಟ್ಟು ಅದರ ಮೇಲೆ ಒಂದೊಂದೇ ಹನಿಯಾಗಿ ಇಳಿಸುತ್ತಾರೆ. ದ್ರವ ಮಂಜುಗಡ್ಡೆಗೆ ಹೋಗಬೇಕು, ನೀರು ದ್ರವಕ್ಕೆ ಬರಬಾರದು. ಹೊಗೆ ನಿಂತ ಮೇಲೆ ಅಡಿಗೆ ಸೋಡಾ ಹಾಕಿ ಆಮ್ಲ ತಣಿಸಿ, ಅದನ್ನೂ ಸಿಂಕಿಗೆ ಸುರಿಯದೆ ಬೇರೆ ಡಬ್ಬಿಗೆ ತುಂಬಿ ಚೀಟಿ ಅಂಟಿಸಿದರು. ಹೆಕ್ಸಾಫ್ಲೋರೋಫಾಸ್ಫೇಟ್‌ನ ಕಸಕ್ಕೆ ಬೇರೆಯೇ ಪ್ಲಾಸ್ಟಿಕ್ ಡಬ್ಬಿ, ಅದಕ್ಕೆ ಆಮ್ಲ ಬೆರೆಸುವಂತಿಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪ್ರಕಾರ ಇಂಥ ಕಸವನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಬೆಂಗಳೂರಿನ ಸುತ್ತಲ ಇಂಥ ತ್ಯಾಜ್ಯಕ್ಕೆ ದಾಬಸ್‌ಪೇಟೆ ಬಳಿ ವಿಲೇವಾರಿ ಘಟಕವಿದೆ. ಸಿಂಕಿನ ಕೊಳವೆ ಹೋಗುವುದು ಚರಂಡಿಗೆ, ಚರಂಡಿ ಹೋಗುವುದು ಕೆರೆಗೆ. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

2018ರ ಡಿಸೆಂಬರ್ 5ರಂದು ಇದೇ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯವೊಂದರಲ್ಲಿ ಅನಿಲ ಸ್ಫೋಟವಾಗಿ ಒಬ್ಬ ಯುವ ಸಂಶೋಧಕರು ತೀರಿಕೊಂಡರು, ಮೂವರು ಗಾಯಗೊಂಡರು. ಅಷ್ಟು ದೊಡ್ಡ ಸಂಸ್ಥೆಯಲ್ಲೂ ಆಗುವುದು ಜಿಲ್ಲಾ ಕೇಂದ್ರದ ಕಾಲೇಜಿನಲ್ಲಿ ಆಗದು ಎನ್ನಲು ಕಾರಣವಿಲ್ಲ. ಅಲ್ಲೂ ಈಗ ಅಯಾನಿಕ ದ್ರವಗಳ ಮೇಲೆ ಎಂ.ಎಸ್‌ಸಿ. ಮಕ್ಕಳು ಪ್ರಾಜೆಕ್ಟ್ ಮಾಡುತ್ತಾರೆ, ಪ್ರಬಂಧ ಸಲ್ಲಿಸುವ ಗಡುವು ಹತ್ತಿರ ಬಂದಾಗ ರಾತ್ರಿ ಒಬ್ಬರೇ ಕೂತು ಕೆಲಸ ಮಾಡುತ್ತಾರೆ. ಆ ಹಿರಿಯ ವಿದ್ಯಾರ್ಥಿನಿ ಸಂಜೆವರೆಗೆ ನಿಂತದ್ದಕ್ಕೆ ಯಾವ ಉಪಕರಣವೂ ಸಮವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅಪಾಯದ ದ್ರವದ ಮುಂದೆ ಯಾರೂ ಒಂಟಿಯಾಗಿ ಇರಕೂಡದು.

ಈ ಬರಹ ಓದುತ್ತಿರುವವರಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು, ಲ್ಯಾಬ್ ಸಹಾಯಕರು, ಪ್ರಾಂಶುಪಾಲರು ಯಾರಾದರೂ ಇದ್ದರೆ ಒಂದು ಕೋರಿಕೆ. ನಾಳೆ ಬೆಳಗ್ಗೆ ನಿಮ್ಮ ಕಪಾಟಿನ ಬಾಟಲಿಗಳ ಹೆಸರು ಓದಿ. ಫ್ಲೋರೋಫಾಸ್ಫೇಟ್, ಫ್ಲೋರೋಬೋರೇಟ್ ಎಂದು ಕೊನೆಯಾಗುವ ಒಂದೇ ಒಂದು ಬಾಟಲಿ ಇದ್ದರೂ ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಎಲ್ಲಿದೆ, ಅದರ ಅವಧಿ ಯಾವಾಗ ಮುಗಿಯುತ್ತದೆ ನೋಡಿ. ಇಲ್ಲದಿದ್ದರೆ ತರಿಸಿ. ಅದು ಕೈಸೇರುವವರೆಗೆ ಆ ಬಾಟಲಿಯ ಮುಚ್ಚಳ ತೆರೆಯಲು ಯಾರಿಗೂ ಬಿಡಬೇಡಿ.